ಒಂದು ಹಿಡಿ ಕಡಲೆಕಾಯಿಯ ಶುಲ್ಕ

"ಗುರುಗಳೇ, ಹದಿನೆಂಟು ರೂಪಾಯಿಗೆ ಜಗಳ ಆಡುವುದು ಮರ್ಯಾದಸ್ಥರ ಲಕ್ಷಣವೇ?" ಎಂದು ಶಿಷ್ಯ ಕೇಳಿದ.

ಬೆಳಿಗ್ಗೆ ಅವನು ತಾಯಿಯ ಜೊತೆ ಬ್ಯಾಂಕಿಗೆ ಹೋಗಿದ್ದ. ತಾಯಿಯ ಖಾತೆಯಿಂದ ಅಷ್ಟು ದುಡ್ಡು ಹೇಳದೆ ಕೇಳದೆ ಹೋಗಿತ್ತು. ವಾಪಸು ಕೊಡಿ ಎಂದು ಅವಳು ಕೌಂಟರಿನ ಮುಂದೆ ದನಿ ಏರಿಸಿದಳು. ಸಾಲಿನಲ್ಲಿದ್ದವರು ನಕ್ಕರು. ಮಗ ಯಾರದೋ ಮಗನ ಹಾಗೆ ಮೆಲ್ಲಗೆ ಜಾರಿಕೊಂಡು ಇಲ್ಲಿಗೆ ಬಂದಿದ್ದ.

"ತಾಯಿ ಎಲ್ಲಿ?" ಎಂದರು ಗುರುಗಳು.

"ಅಲ್ಲೇ ಇದ್ದಾಳೆ. ಕೊಡೋವರೆಗೂ ಕದಲಲ್ಲ ಅಂತ ಬೆಂಚಿನ ಮೇಲೆ ಕೂತುಬಿಟ್ಟಿದ್ದಾಳೆ. ನನಗೆ ತಲೆ ಎತ್ತೋಕಾಗಲಿಲ್ಲ."

ಗುರುಗಳು ಕತೆ ಶುರು ಮಾಡಿದರು.

ಒಂದು ಪೇಟೆಯಲ್ಲಿ ಕಡಲೆಕಾಯಿ ಮಾರುವವಳೊಬ್ಬಳಿದ್ದಳು. ಬ್ಯಾಂಕಿನ ಬಾಗಿಲೆದುರಿಗೇ ಅವಳ ಗಾಡಿ. ಉಳಿಸಿದ ದುಡ್ಡನ್ನು ಅದೇ ಬ್ಯಾಂಕಿಗೆ ಕಟ್ಟುತ್ತಿದ್ದಳು. ಒಂದು ದಿನ ಖಾತೆಯಲ್ಲಿ ಸ್ವಲ್ಪ ದುಡ್ಡು ಕಮ್ಮಿ ಬಂತು. ಒಳಗೆ ಹೋಗಿ ಕೇಳಿದಳು.

"ಅದು ಮೆಸೇಜ್ ಶುಲ್ಕ ಕಣಮ್ಮ," ಎಂದ ಮ್ಯಾನೇಜರು. "ನೀನು ದುಡ್ಡು ಕಟ್ಟಿದಾಗಲೆಲ್ಲ ನಿನ್ನ ಫೋನಿಗೆ ಮೆಸೇಜ್ ಕಳಿಸ್ತೀವಿ."

"ನನ್ನ ಹತ್ರ ಫೋನೇ ಇಲ್ವಲ್ಲ ಸ್ವಾಮಿ. ಯಾರಿಗೆ ಕಳಿಸಿದ್ರಿ?"

ಮ್ಯಾನೇಜರು ಓದಿದವನು. ಉತ್ತರ ಇಲ್ಲದಿದ್ದರೂ ಸುಮ್ಮನಿರುವ ಅಭ್ಯಾಸ ಅವನಿಗಿರಲಿಲ್ಲ. "ಕಳಿಸೋದು ನಮ್ಮ ಕೆಲಸ, ತಲುಪೋದು ನಿನ್ನ ಹಣೆಬರಹ. ನೀನು ಪಾವು ಅಳೆದ ಮೇಲೆ ಗಿರಾಕಿಗೆ ನಾಲ್ಕು ಕಾಳು ಕೊಸರು ಹಾಕಲ್ವಾ? ಇದನ್ನೂ ಕೊಸರು ಅಂದ್ಕೋ. ಇಷ್ಟು ಚಿಲ್ಲರೆಗೆ ಯಾರಾದರೂ ಜಗಳ ಆಡ್ತಾರಾ?"

ಅವಳು ಹೊರಗೆ ಬಂದು ಮತ್ತೆ ಗಾಡಿಯ ಹಿಂದೆ ನಿಂತಳು.

ಸಂಜೆ ಬ್ಯಾಂಕು ಮುಚ್ಚಿತು. ಮ್ಯಾನೇಜರು ಎಂದಿನಂತೆ ಗಾಡಿಯ ಹತ್ತಿರ ಬಂದು ಒಂದು ಪಾವು ಕಡಲೆಕಾಯಿ ಕೇಳಿದ. ಅವಳು ಪಾವು ತುಂಬಿ ಚೆಲ್ಲುವಂತೆ ಅಳೆದಳು. ಪೊಟ್ಟಣಕ್ಕೆ ಸುರಿದಳು. ದುಡ್ಡು ತೆಗೆದುಕೊಂಡಳು. ಆಮೇಲೆ ಪೊಟ್ಟಣಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ತನ್ನ ರಾಶಿಗೆ ಹಾಕಿಕೊಂಡಳು.

"ಏಯ್, ಏನಮ್ಮ ಇದು?"

"ಕೂಗಿದ ಶುಲ್ಕ ಸ್ವಾಮಿ. ಬಿಸಿ ಬಿಸಿ ಕಡ್ಲೇಕಾಯ್ ಅಂತ ಮಧ್ಯಾಹ್ನದಿಂದ ನಿಮಗೋಸ್ಕರ ಕೂಗ್ತಾ ಇದ್ದೀನಿ."

"ನಾನು ಒಳಗಿದ್ದೆ. ನನಗೆ ಕೇಳಿಸಲೇ ಇಲ್ಲ!"

"ಕೂಗೋದು ನನ್ನ ಕೆಲಸ," ಎಂದಳು ಅವಳು.

ಮ್ಯಾನೇಜರಿಗೆ ಸಿಟ್ಟು ನೆತ್ತಿಗೇರಿತು. ತೆಗೆದದ್ದನ್ನು ಹಾಕು ಎಂದ. ಅವಳು ಹಾಕಲಿಲ್ಲ. ಪೊಲೀಸರನ್ನು ಕರೆಸುತ್ತೇನೆ ಎಂದ. ಕರೆಸಿ, ಅವರೂ ಒಂದು ಪಾವು ತಗೊಳ್ಳಲಿ ಎಂದಳು. ಪಕ್ಕದ ಹೂವಿನವನು ಬಂದ. ಆಟೊದವರು ಬಂದರು. ವಾಸನೆ ಹಿಡಿದು ಹಸುವೂ ಒಂದು ಬಂತು.

"ಸಾಹೇಬ್ರೇ, ಒಂದು ಹಿಡಿ ಕಡ್ಲೇಕಾಯಿಗೆ ಇಷ್ಟು ಗಲಾಟೆನಾ?" ಎಂದ ಹೂವಿನವನು.

"ಹಿಡಿಯ ಪ್ರಶ್ನೆ ಅಲ್ಲ ಕಣಯ್ಯಾ! ಅದು ನನ್ನದು. ನನ್ನದನ್ನ ನನ್ನ ಕೇಳದೆ ತೆಗೆಯೋಕೆ ಇವಳು ಯಾರು?"

ಹೇಳಿದ ಮೇಲೆ ಆ ಮಾತು ಮ್ಯಾನೇಜರನ ಕಿವಿಗೂ ಬಿತ್ತು. ಅವನು ಪೊಟ್ಟಣ ಮಡಚಿಕೊಂಡು ಮನೆಗೆ ನಡೆದ.

ಮರುದಿನ ಅವಳ ದುಡ್ಡು ಅವಳ ಖಾತೆಗೆ ಬಂತು. ಸಂಜೆ ಮ್ಯಾನೇಜರು ಗಾಡಿಯಿಂದ ಮಾರು ದೂರ ನಿಂತು ಕೆಮ್ಮಿದ. ಅವಳೇ ಕರೆದು ಪಾವು ಅಳೆದಳು. ಮೇಲೆ ಒಂದು ಹಿಡಿ ಹಾಕಿದಳು, ನಿನ್ನೆಯದು. ಮತ್ತೊಂದು ಹಿಡಿ ಹಾಕಿದಳು. "ಕೊಸರು ಅಂದ್ರೆ ಇದು ಸ್ವಾಮಿ, ನಾನಾಗಿ ಹಾಕಿದ್ದು," ಎಂದಳು. ಅವನಿಗೆ ನಗು ಬಂತು. ಅವಳಿಗೆ ಮೊದಲೇ ಬಂದಿತ್ತು.

ಕತೆ ಕೇಳಿ ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ. "ಭೇಷ್! ಗುರುಗಳೇ, ನಾನೇನಾದರೂ ಅಲ್ಲಿದ್ದಿದ್ದರೆ ಅವಳ ಪಕ್ಕ ನಿಂತು ಬ್ಯಾಂಕು ಅದುರುವ ಹಾಗೆ ಕೂಗಿಬಿಡುತ್ತಿದ್ದೆ."

ಗುರುಗಳು ಅಂಗಳದ ಬಿಸಿಲನ್ನೊಮ್ಮೆ ನೋಡಿದರು.

"ಹೋಗಿ ಕೂಗು, ಬ್ಯಾಂಕು ಮುಚ್ಚಲು ಇನ್ನೂ ಹೊತ್ತಿದೆ."