ರೇಡಿಯೋದೊಳಗೆ ಉಳಿದ ಸೆಲ್ಲುಗಳು

ಹಾಸಿಗೆ ಹಿಡಿದಿದ್ದ ಗುರುಗಳ ಕಾಲೊತ್ತುತ್ತ ಶಿಷ್ಯ ಮಡಿವಾಳಯ್ಯ ಕೇಳಿದ: "ನಿಮ್ಮ ನಂತರ ನಿಮ್ಮ ಮಾತನ್ನು ಹೇಗೆ ಕಾಪಾಡಲಿ? ಒಂದಕ್ಷರವನ್ನೂ ಬದಲಿಸದೆ ಇಟ್ಟುಕೊಂಡರೆ ಸಾಕೆ?"

ಗುರುಗಳಿಗೆ ಮಾತಾಡುವುದೂ ದಣಿವಾಗಿತ್ತು. ಆದರೂ ಒಂದು ಕಥೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮಗ್ಗದ ಪಕ್ಕದ ಗೂಡಿನಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇತ್ತು. ಅವನು ನೇಯುವಾಗ ಹೆಂಡತಿ ಸಾತವ್ವ ಎದುರಿಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆ. ಹಾಡು ಚೆನ್ನಾಗಿದ್ದರೆ ಅವನು ಮಗ್ಗ ನಿಲ್ಲಿಸಿ ಅವಳ ಮುಖ ನೋಡುತ್ತಿದ್ದ, ಅಷ್ಟೆ. ಒಂದು ಸಂಜೆ ಹೊಸ ಸೆಲ್ ಹಾಕಿ, ಬೆಳಿಗ್ಗೆ ಕೇಳೋಣವೆಂದು ಮಲಗಿದವನು ಏಳಲಿಲ್ಲ.

ಆಮೇಲೆ ಸಾತವ್ವ ರೇಡಿಯೋ ಹಚ್ಚಲಿಲ್ಲ, ಯಾರಿಗೂ ಕೊಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಆಗಾಗ ತೆಗೆದು ಒರೆಸುವಳು, ಮತ್ತೆ ಸುತ್ತಿಡುವಳು. ಬಳಸದಿದ್ದರೆ ಸೆಲ್ ಆದರೂ ತೆಗೆದಿಡು ಎಂದು ಮಗಳು ಹೇಳಿದಳು. ಅವು ನಿನ್ನಪ್ಪ ಕೈಯಾರೆ ಹಾಕಿದವು, ಮುಟ್ಟಬೇಡ ಎಂದು ಸಾತವ್ವ ಗದರಿದಳು. ಮಗಳು ಮತ್ತೆ ಆ ಮಾತೆತ್ತಲಿಲ್ಲ.

ವರ್ಷಗಳು ಕಳೆದವು. ಸಾತವ್ವನ ಕಣ್ಣು ಮಂಜಾಯಿತು. ಎಳೆ ಕಾಣದೆ ಕೆಲಸ ನಿಂತಿತು. ಗೋಡೆಗೊರಗಿ ಕೂತೇ ಹೊತ್ತು ಕಳೆಯಬೇಕಾಯಿತು. ಆಗ ಅವಳಿಗೆ ರೇಡಿಯೋ ಕೇಳಬೇಕೆನ್ನಿಸಿತು. ಗುಂಡಿ ತಿರುಗಿಸಿದಳು, ಸದ್ದಿಲ್ಲ. ಹಿಂದಿನ ಮುಚ್ಚಳ ಅಂಟಿಕೊಂಡಿತ್ತು. ಮಗಳು ಅವಳನ್ನು ಪೇಟೆಯ ರಿಪೇರಿಯವನ ಬಳಿ ಕರೆದೊಯ್ದಳು.

ಅವನು ಚಾಕುವಿನಿಂದ ಮುಚ್ಚಳ ಎಬ್ಬಿಸಿದ. ಸೆಲ್ಲುಗಳು ಒಡೆದು ಸೋರಿದ್ದವು. ಸ್ಪ್ರಿಂಗುಗಳು ಮುಟ್ಟುತ್ತಲೇ ಪುಡಿಯಾದವು. ರಸ ಕೆಳಗಿಳಿದು ತಂತಿಗಳನ್ನೆಲ್ಲ ಹಸಿರುಗಟ್ಟಿಸಿ ತಿಂದುಹಾಕಿತ್ತು. ಸಾತವ್ವ ಒಳಗೆ ತಡವಿ ನೋಡಿದಳು. ಬೆರಳಿಗೆ ಬಿಳಿ ಹುಡಿ ಮೆತ್ತಿತು.

"ಇದನ್ನು ನಾನು ಯಾರಿಗೂ ಮುಟ್ಟಗೊಡಲಿಲ್ಲ," ಎಂದಳು.

"ಅದಕ್ಕೇ ಹೀಗಾಯಿತು ತಾಯಿ," ಎಂದ ಅವನು. "ಹಚ್ಚದಿದ್ದರೂ ಸೆಲ್ ವರ್ಷ ಕಳೆದಂತೆ ಸಾಯುತ್ತದೆ. ಸತ್ತ ಸೆಲ್ ಒಳಗೆ ಸುಮ್ಮನಿರುವುದಿಲ್ಲ."

ಸರಿಮಾಡುವುದು ಅವನಿಂದ ಆಗಲಿಲ್ಲ. ಬೇರೆಯದು ತರುತ್ತೇನೆಂದು ಮಗಳು ಅಂದಳು. ಸಾತವ್ವ ಬೇಡವೆಂದಳು. ಅಳುವಷ್ಟು ತ್ರಾಣವೂ ಅವಳಿಗಿರಲಿಲ್ಲ. ಮನೆಗೆ ಬಂದು, ಗಂಡ ಯಾವ ಹಾಡಿಗೆ ಮಗ್ಗ ನಿಲ್ಲಿಸುತ್ತಿದ್ದನೆಂದು ನೆನಪಿಸಿಕೊಳ್ಳಲು ನೋಡಿದಳು. ಒಂದೂ ನೆನಪಾಗಲಿಲ್ಲ. ಇಷ್ಟು ವರ್ಷ ಅವಳು ನೆನೆದದ್ದು ಪೆಟ್ಟಿಗೆಯಲ್ಲಿದ್ದ ರೇಡಿಯೋವನ್ನು ಮಾತ್ರ.

ಗುರುಗಳು ನಿಲ್ಲಿಸಿದರು. ಮಡಿವಾಳಯ್ಯ ತಲೆ ತಗ್ಗಿಸಿ, ಹಾಗಾದರೆ ತಾನೇನು ಮಾಡಬೇಕೆಂದು ಮೆಲ್ಲಗೆ ಕೇಳಿದ.

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನನ್ನನ್ನು ಮಣ್ಣು ಮಾಡಿ ಬಂದ ದಿನವೇ, ನನ್ನ ಮಾತುಗಳಲ್ಲಿ ಸತ್ತುಹೋದದ್ದನ್ನು ಹುಡುಕಿ ಹೊರಗೆ ಹಾಕು."