ಬೆವರಿನ ಉಪ್ಪು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಮಹಾನಂದಾ ಮೇಡಂ. ಬೀದರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದರು. ಪಠ್ಯದಲ್ಲಿ ಇಲ್ಲದ್ದನ್ನೇ ಹೆಚ್ಚು ಹೇಳುತ್ತಾರೆ ಎಂಬ ದೂರು ಅವರ ಮೇಲಿತ್ತು. ದೂರು ನಿಜ.

ಪ್ರಶ್ನೆ ಕೇಳಿದವಳು ಮೊದಲ ಬೆಂಚಿನ ಕಸ್ತೂರಿ. "ಮೇಡಂ, ಅಂಕಿ ನಮ್ಮ ಕಡೆಯಿಂದ ಹೋದ್ವು. ಕಾಗದ ಚೀನಾದಿಂದ ಹೋಯ್ತು. ಔಷಧ ಅರಬರಿಂದ ಕಲಿತರು. ಯುರೋಪಿನವರು ಎಲ್ಲಾರ ಕೂಡ ಬಡಿದಾಡ್ಯಾರ, ಎಲ್ಲಾರಿಂದ ಒಂದೊಂದು ತಗೊಂಡಾರ. ಹಂಗಾರ ಅವರದೇ ಅಂತ ಏನದರಿ?"

ಕೇಳಿ ನಮ್ಮ ಕಡೆ ತಿರುಗಿ ನಕ್ಕಳು. ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. ಮೇಡಂ ಪುಸ್ತಕ ಮುಚ್ಚಿದರು.

ಸ್ಪೇನ್ ದೇಶದಲ್ಲಿ, ಸಮುದ್ರಕ್ಕೆ ಒಂದು ದಿನದ ನಡಿಗೆಯ ದೂರದಲ್ಲಿ ಒಂದು ಊರು. ಅಲ್ಲಿ ಒಬ್ಬ ನೀರಗಂಟಿ. ಬೆಟ್ಟದಿಂದ ಬರುವ ಕಾಲುವೆಯ ತೂಬು ಎತ್ತಿ, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಆ ಕಾಲುವೆ ತೋಡಿದವರು ಅವನ ಹಿಂದಿನವರು. ಸಮುದ್ರದಾಚೆಯಿಂದ ಬಂದ ಮುಸಲ್ಮಾನರು. ಅವರೇನು ಹೂವು ಹಿಡಿದು ಬಂದವರಲ್ಲ, ಕತ್ತಿ ಹಿಡಿದೇ ಬಂದವರು. ಆದರೆ ಬಂದವರು ಕೂತರು, ಅಗೆದರು, ಬಿತ್ತಿದರು. ನೂರಾರು ವರ್ಷ ಕಳೆದ ಮೇಲೆ ಗೆಲುವು ಇನ್ನೊಂದು ಕಡೆಗೆ ಹೋಯಿತು. ಹೊಸ ರಾಜ ಶಿಲುಬೆ ಕಟ್ಟಿಕೊಳ್ಳಿ ಎಂದ, ಕಟ್ಟಿಕೊಂಡರು. ಅದೂ ಸಾಲಲಿಲ್ಲ. ಒಂದು ದಿನ ಅಪ್ಪಣೆ ಬಂತು. ಈ ರಕ್ತದವರೆಲ್ಲ ಹಡಗು ಹತ್ತಬೇಕು. ಊರಿಗೊಂದು ಮನೆ ಮಾತ್ರ ಇರಲಿ, ಹೊಸದಾಗಿ ಬರುವವರಿಗೆ ನೀರಿನ ಕೆಲಸ ಕಲಿಸಲಿಕ್ಕೆ.

ಹೀಗೆ ನೀರಗಂಟಿ ಉಳಿದ. ಮಗ, ಸೊಸೆ ಹೋದರು. ಹಾಲು ಬಿಡದ ಮೊಮ್ಮಗಳನ್ನು ಹಡಗಿನಲ್ಲಿ ಉಳಿಸಿಕೊಳ್ಳಲಾರೆವು ಎಂದು ಅವನ ಕೈಗೆ ಕೊಟ್ಟು ಹೋದರು. ಆಡಿನ ಹಾಲು ಕುಡಿದು ಅವಳು ಬದುಕಿದಳು. ಆಮೇಲೆ ಅವನಿಗೆ ಇದ್ದದ್ದು ಒಂದೇ ಆಸೆ. ಈ ಹುಡುಗಿಯನ್ನು ಯಾರೂ ಹಡಗು ಹತ್ತಿಸಬಾರದು.

ಹೊಸಬರು ಬಂದರು. ಕುರಿ ಕಾಯುವ ಗುಡ್ಡದ ಜನ. ಅವರಿಗೆ ನೀರು ಎಂದರೆ ಮೇಲಿನಿಂದ ಬೀಳುವುದು. ನೀರಗಂಟಿ ಅವರಿಗೆ ಸರದಿ ಕಲಿಸಿದ, ಇಳಿಜಾರು ನೋಡುವುದು ಕಲಿಸಿದ. ಎಲ್ಲಕ್ಕಿಂತ ಹೆಚ್ಚಾಗಿ ಬಸಿಗಾಲುವೆ ತೋರಿಸಿದ. ನೀರು ತರುವ ಕಾಲುವೆ ಎಷ್ಟು ಮುಖ್ಯವೋ, ಹೊಲದಿಂದ ಹೆಚ್ಚಿನ ನೀರು ಒಯ್ಯುವ ಈ ಕಾಲುವೆಯೂ ಅಷ್ಟೇ ಮುಖ್ಯ; ಇದು ಮುಚ್ಚಿದರೆ ನೆಲದ ಅಡಿಯ ಉಪ್ಪು ಮೇಲೆ ಬರುತ್ತದೆ ಎಂದು ವರ್ಷ ವರ್ಷವೂ ಹೇಳಿದ. ಅವರು ತಲೆಯಾಡಿಸಿದರು.

ಕಟ್ಟಿಕೊಂಡ ಶಿಲುಬೆಯ ಹಿಂದೆ ಅವನ ಹಳೆಯ ನಮಾಜು ಹಾಗೆಯೇ ಇತ್ತು. ಬೆಳಕು ಹರಿಯುವ ಮೊದಲು ಕಾಲುವೆಯಲ್ಲಿ ಕೈ, ಮುಖ, ಕಾಲು ತೊಳೆದು ವಜೂ ಮಾಡಿ, ಮನಸ್ಸಿನಲ್ಲೇ ನಮಾಜು ಮುಗಿಸಿ, ತೂಬು ಎತ್ತುತ್ತಿದ್ದ. ಹಾಗೆ ಕೈಕಾಲು ತೊಳೆಯುವವರನ್ನು ಹುಡುಕಿ ಸುಡುವ ಕಾಲ ಅದು. ಒಂದು ಬೆಳಿಗ್ಗೆ ಹೊಸಬರಲ್ಲಿ ಒಬ್ಬ ಹಿಂದೆ ಬಂದು ನಿಂತಿದ್ದ. ಏನು ಮಾಡುತ್ತಿದ್ದೀಯ ಎಂದು ಕೇಳಿದ.

ನೀರಗಂಟಿಯ ಬಾಯಿಂದ ಸುಳ್ಳು ಹೊರಟಿತು. "ತೂಬು ಮುಟ್ಟುವ ಮೊದಲು ತೊಳೆಯಬೇಕು. ಬೆವರಿನ ಉಪ್ಪು ನೀರಿಗೆ ಇಳಿದರೆ ಬೇರು ಸುಡುತ್ತದೆ."

ಹೊಸಬ ನಂಬಿದ. ಮರುದಿನ ತಾನೂ ಬಂದು ತೊಳೆದ. ತೊಳೆದದ್ದು ಮುಂಗೈಯಷ್ಟೇ, ಅದೂ ಒಂದೇ ಸಲ. ಅಲ್ಲಿಗೆ ಸುಮ್ಮನಿರಬಹುದಿತ್ತು ನೀರಗಂಟಿ. ಇರಲಾಗಲಿಲ್ಲ. ತಪ್ಪಾಗಿ ಮಾಡುವುದನ್ನು ನೋಡಲು ಅವನಿಂದ ಆಗಲಿಲ್ಲ. ಮೊಣಕೈವರೆಗೆ, ಮೂರು ಸಲ, ಬಲಗೈ ಮೊದಲು ಎಂದು ತಿದ್ದಿದ.

ವರ್ಷ ತುಂಬುವಷ್ಟರಲ್ಲಿ ಊರೇ ಕಾಲುವೆ ದಂಡೆಯಲ್ಲಿ ಕೂತು ಮೊಣಕೈವರೆಗೆ ಮೂರು ಸಲ ತೊಳೆಯುತ್ತಿತ್ತು. ಪಾದ್ರಿಗಳೂ ತಮ್ಮ ಸೊಪ್ಪಿನ ಮಡಿಗೆ ನೀರು ಬಿಡುವ ಮೊದಲು ತೊಳೆಯುತ್ತಿದ್ದರು. ಚರ್ಚಿನ ತನಿಖೆಯವರು ಬಂದು, ಇಲ್ಲಿ ಹಳೆಯ ರೀತಿಯಲ್ಲಿ ತೊಳೆಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ, ಇದು ನಮ್ಮ ಬೇಸಾಯದ ಪದ್ಧತಿ ಎಂದು ಊರು ಒಂದೇ ಬಾಯಲ್ಲಿ ಹೇಳಿತು. ಅವರು ಬರೆದುಕೊಂಡು ಹೋದರು.

ಊರಿನಲ್ಲಿ ತೊಳೆಯದೆ ಇದ್ದವಳು ಒಬ್ಬಳೇ, ಮೊಮ್ಮಗಳು. ಅವಳಿಗೆ ಅಜ್ಜ ಚರ್ಚಿನ ಪ್ರಾರ್ಥನೆ ಕಲಿಸಿದ್ದ, ತನ್ನದನ್ನು ಒಂದಕ್ಷರವೂ ಕಲಿಸಿರಲಿಲ್ಲ. ಅಜ್ಜನ ಸೊಂಟ ಬಗ್ಗಿ, ತೂಬು ಎತ್ತುವುದು ಅವಳ ಪಾಲಿಗೆ ಬಂದಾಗ ಅವಳು ಕೇಳಿದಳು, ಎಲ್ಲರೂ ತೊಳೆಯುತ್ತಾರೆ, ನಾನೇಕೆ ತೊಳೆಯಬಾರದು ಎಂದು.

"ಅವರು ತೊಳೆದರೆ ಅದು ಬೇಸಾಯ, ಮಗಳೇ. ನೀನು ತೊಳೆದರೆ ಅದು ಸಾಕ್ಷಿ" ಎಂದ ಅಜ್ಜ.

ಈ ನಡುವೆ ಊರಿನವರು ಬಸಿಗಾಲುವೆಯನ್ನು ಮುಚ್ಚಿ ಉತ್ತಿದ್ದರು. ಅಷ್ಟು ಅಗಲದ ನೆಲವನ್ನು ಸುಮ್ಮನೆ ಹಾಳು ಬಿಡುವುದು ಅವರಿಗೆ ಸರಿ ಕಾಣಲಿಲ್ಲ. ಐದಾರು ವರ್ಷ ಚೆನ್ನಾಗಿ ಬೆಳೆಯಿತು. ಆಮೇಲೆ ಹೊಲಗಳ ಮೇಲೆ ಬಿಳಿ ಪದರ ಕಾಣಿಸಿತು. ನೆಕ್ಕಿ ನೋಡಿದರು. ಉಪ್ಪು.

ಬಸಿಗಾಲುವೆ ತೋಡಿ ಎಂದು ಮುದುಕ ಮನೆ ಮನೆಗೆ ಹೋಗಿ ಹೇಳಿದ. ಉಪ್ಪು ಎಲ್ಲಿಂದ ಬರುತ್ತದೆ ಎಂದು ನಮಗೆ ಗೊತ್ತಿಲ್ಲವೇ ಎಂದರು. ಯಾರದೋ ಬೆವರಿನ ಕೈ ನೀರಿಗೆ ಬೀಳುತ್ತಿದೆ ಎಂದು ಮಾತು ಹುಟ್ಟಿತು. ಕಾದು ನೋಡಿದರು. ಮೂರನೆಯ ದಿನ ಮೊಮ್ಮಗಳು ಒಣಗೈಯಲ್ಲಿ ತೂಬು ಎತ್ತುವುದು ಕಂಡಿತು.

ಊರು ಸೇರಿತು. ಮೊದಲು ಮುದುಕನ ಹಿಂದೆ ಬಂದು ನಿಂತಿದ್ದ ಆ ಹೊಸಬನೇ ಈಗ ಊರಿನ ಯಜಮಾನ. ಇನ್ನು ಮೇಲೆ ತೊಳೆಯುತ್ತೇನೆ ಎಂದಳು ಹುಡುಗಿ. ಬಂದ ಉಪ್ಪು ತಿರುಗಿ ಹೋಗುತ್ತದೆಯೇ ಎಂದು ಯಾರೋ ನಕ್ಕರು. ಎಷ್ಟಾದರೂ ಆ ರಕ್ತ, ನಮ್ಮ ಹಿರಿಯರ ಪದ್ಧತಿ ಅದಕ್ಕೆ ಹೇಗೆ ಹತ್ತೀತು ಎಂದರು ಇನ್ನೊಬ್ಬರು. ಹುಡುಗಿ ಹಡಗಿಗೆ ಹೋಗಲಿ ಎಂದು ತೀರ್ಮಾನವಾಯಿತು.

ಮುದುಕ ಎದ್ದು ನಿಂತ. ಬಾಯಿ ಬಿಟ್ಟರೆ ಬೆಂಕಿ ಎಂದು ಗೊತ್ತಿತ್ತು. ಬಿಟ್ಟ. ಬೆವರು, ಉಪ್ಪು ಎಂದದ್ದೆಲ್ಲ ತಾನು ಹೇಳಿದ ಸುಳ್ಳು ಎಂದ. ನೀವು ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ನನ್ನ ನಮಾಜಿನ ವಜೂ, ಬೇಕಾದರೆ ನನ್ನನ್ನು ಸುಡಿ, ಹುಡುಗಿಯನ್ನು ಬಿಡಿ ಎಂದ. ಕೊನೆಗೆ ಯಜಮಾನನ ಕಡೆ ಕೈ ತೋರಿಸಿದ. "ಅವನನ್ನೇ ಕೇಳಿ. ಅವನ ಮೊಣಕೈ ಹಿಡಿದು ತಿದ್ದಿದವನು ನಾನು."

ಎಲ್ಲರೂ ಯಜಮಾನನ ಮುಖ ನೋಡಿದರು. ಅವನಿಗೆ ಆ ಬೆಳಗು ನೆನಪಿತ್ತು. ನೆನಪಿದೆ ಎಂದರೆ ತಾನು, ತನ್ನ ಮಕ್ಕಳು, ಪಾದ್ರಿಗಳು, ಇಡೀ ಊರು ಹಳೆಯ ರೀತಿಯಲ್ಲಿ ತೊಳೆದವರ ಪಟ್ಟಿಗೆ ಸೇರುತ್ತಾರೆ ಎಂಬುದೂ ಗೊತ್ತಿತ್ತು.

"ಮುದುಕನಿಗೆ ಅರಳುಮರಳು. ಇದನ್ನು ನನಗೆ ಕಲಿಸಿದ್ದು ನನ್ನ ಅಪ್ಪ" ಎಂದ.

ಮುದುಕನನ್ನು ಸುಡಲಿಲ್ಲ. ನೀರಿನ ಸರದಿ ಪೂರ್ತಿ ತಿಳಿದವನು ಅವನೊಬ್ಬನೇ, ಇರಲಿ ಎಂದರು. ಹುಡುಗಿಯನ್ನು ಅವಳ ಅಪ್ಪ ಅಮ್ಮ ಹೋದ ದಾರಿಯಲ್ಲೇ ಕರೆದೊಯ್ದರು. ಮರುದಿನ ಬೆಳಿಗ್ಗೆ ಊರೆಲ್ಲ ದಂಡೆಯಲ್ಲಿ ಸಾಲಾಗಿ ಕೂತು ತೊಳೆಯುತ್ತಿದ್ದಾಗ ಮುದುಕ ಬಂದ. ಅವತ್ತು ಮೊದಲ ಸಲ ಅವನು ಒಣಗೈಯಲ್ಲಿ ತೂಬು ಎತ್ತಿದ. ಯಾರೂ ತಲೆ ಎತ್ತಿ ನೋಡಲಿಲ್ಲ.

ಮೇಡಂ ಇಲ್ಲಿಗೆ ನಿಲ್ಲಿಸಿದರು. ಕಸ್ತೂರಿಗೆ ತನಗೆ ಬೇಕಾದ ಉತ್ತರ ಸಿಕ್ಕಿತ್ತು. "ಹಂಗಾರ ಹೊರಗ ಅಟ್ಟೂದೊಂದೇ ಅವರದು ಅಂದಂಗಾಯ್ತಲ್ರಿ, ಮೇಡಂ?"

"ಅದೂ ಅವರದಲ್ಲವ್ವಾ, ಅದಕ್ಕ ಕಾಲುವೆ ಬೇಕಾಗಿಲ್ಲ, ಎಲ್ಲಾರ ಊರಾಗೂ ತಾನೇ ಬೆಳೀತದ."

ಕಸ್ತೂರಿ ಕೂತಳು. ಗಂಟೆ ಹೊಡೆಯಿತು.

ಕೇಳಿದಿರಲ್ಲ, ನೀವೂ ಇನ್ನೊಬ್ಬರಿಗೆ ಹೇಳಿ. ಹೇಳುವಾಗ ನಮ್ಮಪ್ಪ ಹೇಳಿದ್ದು ಅನ್ನಬೇಡಿ; ಮಹಾನಂದಾ ಮೇಡಂ ಹೇಳಿದ್ದು ಅನ್ನಿ.