ಹಲ್ಲಿಯ ಪಾದದಲ್ಲಿ ಅಂಟಿಲ್ಲ

ಆಗ ಲೋಕ ಇನ್ನೂ ಹೊಸದು, ಮಗು. ಬಂಡೆಗಳ ಬಿಸಿ ಕೂಡ ಪೂರ್ತಿ ಆರಿರಲಿಲ್ಲ. ತನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಯಾವ ಪ್ರಾಣಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೀನೊಂದು ಮರ ಹತ್ತಲು ಹೋಗಿ ಸೊಂಟ ಉಳುಕಿಸಿಕೊಂಡದ್ದು ಆ ವರ್ಷವೇ.

ಆ ಕಾಲದಲ್ಲಿ ಹಲ್ಲಿ ನೆಲದ ಮೇಲೆ ಇರುತ್ತಿದ್ದಳು. ಅವಳ ಪಾದ ಹಿತುಕಿದ ಅವರೆಬೇಳೆಯ ಹಾಗೆ ನುಣ್ಣಗಿತ್ತು. ಬಂಡೆಯ ಮೇಲೆ ಎರಡು ಹೆಜ್ಜೆ ಇಟ್ಟರೆ ಮೂರು ಹೆಜ್ಜೆ ಕೆಳಗೆ ಜಾರುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಎರಡು ಮೊಟ್ಟೆಗಳಿದ್ದವು. ತೆಳ್ಳಗಿನ ಚರ್ಮದೊಳಗಿಂದ ಬೆಳ್ಳಗೆ ಕಾಣುತ್ತಿದ್ದವು. ಹೋದ ಸಲ ಇಟ್ಟ ಎರಡನ್ನೂ ಇರುವೆಗಳು ಸಾಲುಗಟ್ಟಿ ಬಂದು ತಿಂದುಬಿಟ್ಟಿದ್ದವು. ಈ ಸಲವೂ ನೆಲದಲ್ಲೇ ಇಟ್ಟರೆ ಅದೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಬಂಡೆಯ ತುದಿಯಲ್ಲಿ, ಚಾವಣಿಯ ಹಾಗೆ ಚಾಚಿದ ಜಾಗದಲ್ಲಿ ಒಂದು ಬಿರುಕಿತ್ತು. ಬೆಚ್ಚಗಿನ, ಒಣಗಿದ ಬಿರುಕು. ಅಲ್ಲಿಗೆ ಹೊರಟ ಇರುವೆಗಳನ್ನೆಲ್ಲ ಗಾಳಿ ದಾರಿಯಲ್ಲೇ ಊದಿ ಬೀಳಿಸುತ್ತಿತ್ತು. ಆದರೆ ಆ ಬಿರುಕಿನಲ್ಲಿ ನೂಲಮ್ಮ ಎಂಬ ಜೇಡ ಮನೆ ಮಾಡಿದ್ದಳು. ತನ್ನ ಮೊಟ್ಟೆಗಳನ್ನು ಹತ್ತಿಯಂಥ ಬಿಳೀ ಗಂಟಿನಲ್ಲಿ ಕಟ್ಟಿ ತೂಗುಹಾಕಿದ್ದಳು.

ಬೆಳಗಾದರೆ ಹಲ್ಲಿ ಆ ಗಂಟನ್ನು ನೋಡುತ್ತಿದ್ದಳು. ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು.

"ಅವಳಿಗ್ಯಾಕೆ ಎಂಟು ಕಾಲು? ಅವಳಿಗ್ಯಾಕೆ ನೂಲು? ಅವಳ ಮಕ್ಕಳಿಗ್ಯಾಕೆ ತೊಟ್ಟಿಲು?" ಎಂದು ಗಾಳಿಯನ್ನು ಕೇಳುತ್ತಿದ್ದಳು.

"ಹಲ್ಲಮ್ಮ, ನಿನ್ನ ಹೊಟ್ಟೇಲಿರೋದು ಮೊಟ್ಟೇನೋ ಕೆಂಡಾನೋ?" ಎಂದು ಗಾಳಿ ನಗುತ್ತಿತ್ತು.

ಒಂದು ದಿನ ನೂಲಮ್ಮನೇ ಮೇಲಿನಿಂದ ಕೂಗಿದಳು. "ಅಕ್ಕಾ, ಇಲ್ಲಿ ಇಬ್ಬರಿಗೂ ಜಾಗ ಐತೆ. ಬಾ, ನಿನ್ನ ಕಾಲು ಬಾಚಿಕೊಡ್ತೀನಿ!"

ಜೇಡರ ಮನೆಯಲ್ಲಿ ಅದೊಂದು ಪದ್ಧತಿ. ನೂಲನ್ನು ಹಾಗೇ ನೇಯುವುದಿಲ್ಲ. ಹಿಂಗಾಲಿನಲ್ಲಿ ಇರುವ ಬಾಚಣಿಗೆಯಿಂದ ಬಾಚಿ, ಬಾಚಿ, ಎಳೆಯನ್ನು ಸೀಳಿ ಸೀಳಿ ನವಿರಾಗಿಸಿ ಆಮೇಲೆ ನೇಯುತ್ತಾರೆ. ಇದು ಹಲ್ಲಿಗೆ ಹೇಗೆ ತಿಳಿಯಬೇಕು?

"ಕಾಲು ಬಾಚ್ತಾಳಂತೆ ಕಾಲು!" ಎಂದು ಅವಳು ಗೊಣಗಿದಳು. "ಅಂಟು ಇಟ್ಕೊಂಡಿದಾಳೆ. ಗುಟ್ಟು ಬಿಟ್ಟುಕೊಡದೆ ಆಡ್ಕೊಂಡು ನಗ್ತಾಳೆ."

ಮರುದಿನ ಬೆಳಿಗ್ಗೆ ಮರದಿಂದ ಒಂದು ಹಲಸಿನಹಣ್ಣು ಬಿದ್ದು ಒಡೆದಿತ್ತು. ಹಲ್ಲಿ ಹೋಗಿ ನಾಲ್ಕೂ ಪಾದಗಳಿಗೆ ಹಲಸಿನ ಅಂಟನ್ನು ದಪ್ಪಗೆ ಮೆತ್ತಿಕೊಂಡಳು. ಹಿಂದಿರುಗಿ ಬರುವಾಗ ನೂಲಮ್ಮ ಒಂದೇ ಎಳೆ ಹಿಡಿದು ಸರ್ರನೆ ಇಳಿದು, ಹುಲ್ಲಿನ ಮೇಲೆ ಇಬ್ಬನಿ ಕುಡಿಯುತ್ತಿದ್ದುದು ಕಂಡಿತು. ಎಷ್ಟು ಸಲೀಸು! ಎಷ್ಟು ಹಗುರ! ಹಲ್ಲಿಗೆ ಕಣ್ಣು ಕತ್ತಲಿಟ್ಟಿತು.

"ಅವಳೂ ಒಂದು ದಿನ ನೆಲದಲ್ಲಿ ಒದ್ದಾಡಲಿ" ಎಂದು ಆ ಎಳೆಯನ್ನು ಕಟಕ್ಕನೆ ಕಚ್ಚಿ ತುಂಡು ಮಾಡಿದಳು. ತುಂಡಿನ ತುದಿ ನಾಲಿಗೆಗೆ ಅಂಟಿಕೊಂಡಿತು. ಉಗುಳಿದರೂ ಹೋಗಲಿಲ್ಲ.

ಆಮೇಲೆ ಬಂಡೆ ಹತ್ತಿದಳು. ಒಂದು ಹೆಜ್ಜೆ, ಅಂಟಿತು. ಎರಡು ಹೆಜ್ಜೆ, ಅಂಟಿತು. ಆಹಾ ಎಂದು ಬೀಗಿದಳು. ಹತ್ತನೇ ಹೆಜ್ಜೆಗೆ ಕಾಲು ಕೀಳಲು ತಿಣುಕಿದಳು. ಇಪ್ಪತ್ತನೇ ಹೆಜ್ಜೆಗೆ ಬಿಸಿಲೇರಿ ಅಂಟು ಗಟ್ಟಿಯಾಯಿತು. ಚಾವಣಿಗೆ ಇನ್ನೊಂದು ಮೊಳ ಇರುವಾಗ ನಾಲ್ಕು ಕಾಲೂ ಕಚ್ಚಿಕೊಂಡು ಕೂತವು. ಮೇಲೆ ಹೋಗುವ ಹಾಗಿಲ್ಲ, ಕೆಳಗೆ ಇಳಿಯುವ ಹಾಗಿಲ್ಲ.

ಅಷ್ಟರಲ್ಲಿ ಹೊಟ್ಟೆ ಹಿಂಡತೊಡಗಿತು. ಮೊಟ್ಟೆ ಇಡುವ ಹೊತ್ತು ಬಂದಿತ್ತು. ಇಲ್ಲೇ ಇಟ್ಟರೆ ಉರುಳಿ ಕೆಳಗೆ ಬೀಳುತ್ತವೆ. ಕೆಳಗೆ ಇರುವೆಗಳು ಆಗಲೇ ಸಾಲು ಕಟ್ಟಿದ್ದವು.

ನೂಲಮ್ಮ ಬಂಡೆಯನ್ನು ನಡೆದೇ ಹತ್ತಿ ಬಂದಳು. ಎಂಟು ಕಾಲಿದ್ದರೂ ಏದುಸಿರು ಬಿಡುತ್ತಿದ್ದಳು.

"ನನ್ನ ಎಳೆ ಎಲ್ಲೋ ಹರೀತು ಕಣಕ್ಕ. ಈ ಗಾಳೀದೇ ಕೆಲಸ. ಅಯ್ಯೋ, ನಿಂಗೇನಾಯ್ತು?"

ಗಾಳಿ ಬಾಯಿ ತೆರೆಯಿತು. ಹಲ್ಲಿಯ ಹೊಟ್ಟೆಯನ್ನು ನೋಡಿ ಮತ್ತೆ ಬಾಯಿ ಮುಚ್ಚಿಕೊಂಡಿತು. ಹಲ್ಲಿ ಎಳೆಯ ತುಂಡನ್ನು ನಾಲಿಗೆಯ ಕೆಳಗೆ ಬಚ್ಚಿಟ್ಟಳು.

ನೂಲಮ್ಮ ಹಿಂಗಾಲಿನ ಬಾಚಣಿಗೆ ಚಾಚಿ ಕೂತಳು. ಅಂಟನ್ನು ಬಾಚಿದಳು. ಅಂಟಿನ ಜೊತೆ ಪಾದದ ಚರ್ಮವೂ ಎದ್ದು ಬಂತು. ಅದನ್ನೂ ಬಾಚಿದಳು. ಚರ್ಮ ಎಳೆಯಾಯಿತು, ಎಳೆ ಸೀಳಿ ಕೂದಲಾಯಿತು, ಕೂದಲು ಸೀಳಿ ಕಣ್ಣಿಗೆ ಕಾಣದಷ್ಟು ನವಿರಾಯಿತು.

"ನನ್ನ ಈ ನೂಲಲ್ಲೂ ಅಂಟಿಲ್ಲಕ್ಕ. ಸಣ್ಣಗೆ ಸಣ್ಣಗೆ ಸೀಳಿದ್ರೆ ಬಂಡೇನೇ ಕೈ ಹಿಡ್ಕೊಳ್ಳುತ್ತೆ. ಬಿಡಿಸ್ಕೊಬೇಕಾದ್ರೆ ಬೆರಳ ತುದಿಯಿಂದ ಸುರುಳಿ ಸುತ್ತಿ ಎತ್ತು" ಎಂದಳು.

ಆಗಲೂ ಹಲ್ಲಿಯ ಹೊಟ್ಟೆಕಿಚ್ಚು ಆರಲಿಲ್ಲ, ನೋಡು. "ಇವಳಿಗೆ ಎಲ್ಲವೂ ಬರುತ್ತದೆ. ಸಾಲದು ಅಂತ ಇವಳು ಒಳ್ಳೆಯವಳೂ ಆಗಬೇಕೇ!" ಎಂದು ಮನಸ್ಸಿನಲ್ಲೇ ಕುದಿದಳು.

ಕೊನೆಯ ಬೆರಳು ಮುಗಿದದ್ದೇ ತಡ, ಹಲ್ಲಿ ಓಡಿದಳು. ಚಾವಣಿಯಲ್ಲಿ ತಲೆಕೆಳಗಾಗಿ ಓಡಿದಳು, ಬೀಳಲಿಲ್ಲ. ಬಿರುಕಿನೊಳಗೆ ನುಗ್ಗಿ ಎರಡು ಮೊಟ್ಟೆ ಇಟ್ಟಳು. ಬೆಚ್ಚಗಿನ, ಒಣಗಿದ ಜಾಗದಲ್ಲಿ. ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿ ಬಿಳೀ ಗಂಟು ಇರಲಿಲ್ಲ.

ನೂಲಮ್ಮ ಅದನ್ನು ತೂಗುಹಾಕಿದ್ದು ಹಲ್ಲಿ ಕಚ್ಚಿದ ಆ ಎಳೆಯ ಮೇಲ್ತುದಿಗೇ. ಎಳೆ ಬಿಗಿ ತಪ್ಪಿದಾಗ ಗಂಟು ಸಡಿಲಿ ಬಿದ್ದುಹೋಗಿತ್ತು. ಹಲ್ಲಿ ಬಗ್ಗಿ ನೋಡಿದಳು. ಕೆಳಗೆ ಇರುವೆಗಳ ಸಾಲು ಹತ್ತಿಯಂಥದ್ದೊಂದನ್ನು ಹೊತ್ತುಕೊಂಡು ಹುಲ್ಲಿನೊಳಗೆ ಹೋಗುತ್ತಿತ್ತು.

ಹಿಂದೆಯೇ ನೂಲಮ್ಮ ಬಂದಳು. ಬರಿದಾದ ಜಾಗವನ್ನು ನೋಡಿದಳು. ಆಮೇಲೆ ಹಲ್ಲಿಯನ್ನು ನೋಡಿದಳು.

ತಪ್ಪಾಯ್ತು ಎನ್ನಲು ಹಲ್ಲಿ ಬಾಯಿ ತೆರೆದಳು. ಎಳೆ ನಾಲಿಗೆಯನ್ನು ಹಿಡಿದುಕೊಂಡಿತ್ತು. ಮಾತು ಹೊರಡಲಿಲ್ಲ. "ಲೊಚ್" ಎಂಬ ಸದ್ದಷ್ಟೇ ಬಂತು. ಮತ್ತೆ ಯತ್ನಿಸಿದಳು. "ಲೊಚ್, ಲೊಚ್."

ನೂಲಮ್ಮ ಮೂಲೆಗೆ ಸರಿದು, ಸವೆದ ಬಾಚಣಿಗೆಯಿಂದ ಹೊಸ ಎಳೆಯೊಂದನ್ನು ಬಾಚತೊಡಗಿದಳು.

ಈಗಿನ ಕಾಲದಲ್ಲಿ ವಿಜ್ಞಾನಿಗಳು ಹಲ್ಲಿಯ ಪಾದವನ್ನು ದೊಡ್ಡ ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದಾರೆ. ಅಂಟು ಹುಡುಕಿದರು, ಸಿಗಲಿಲ್ಲ. ಸಿಕ್ಕಿದ್ದು ಲಕ್ಷಗಟ್ಟಲೆ ಕೂದಲು, ಒಂದೊಂದರ ತುದಿಯೂ ನೂರಾರು ಸೀಳು. ಅದನ್ನು ನೋಡಿ ನೋಡಿ ಅಂಟಿಲ್ಲದೆ ಅಂಟುವ ಪಟ್ಟಿ ಮಾಡಿದ್ದಾರೆ, ಗಾಜಿನ ಗೋಡೆ ಹತ್ತುವ ಯಂತ್ರ ಮಾಡಿದ್ದಾರೆ. ಆದರೂ ಹಲ್ಲಿಯಷ್ಟು ಚೆನ್ನಾಗಿ ಬರಲಿಲ್ಲವಲ್ಲ ಎಂದು ಅವರಿಗೂ ಒಳಗೊಳಗೇ ಹೊಟ್ಟೆಕಿಚ್ಚು. ಎಂಥ ಪಾದ, ಎಂಥ ಪಾದ ಎಂದು ಎಲ್ಲರೂ ಹೊಗಳುತ್ತಾರೆ.

ಆ ಪಾದ ಬಾಚಿದ್ದು ಯಾರು ಎಂಬುದು ಹಲ್ಲಿಗೆ ಮಾತ್ರ ಗೊತ್ತು. ಅದಕ್ಕೇ ಮಗು, ನಮ್ಮ ಮನೆಯ ಗೋಡೆಯ ಮೇಲೆ ಓಡುವ ಹಲ್ಲಿ ಇದ್ದಕ್ಕಿದ್ದ ಹಾಗೆ ನಿಂತು, ಜೇಡ ಬಲೆ ಕಟ್ಟಿದ ಮೂಲೆಯ ಕಡೆ ನೋಡಿ, ಇವತ್ತಿಗೂ ಲೊಚ್ ಲೊಚ್ ಎನ್ನುತ್ತದೆ.